ಎಷ್ಟಾಯ್ತು ಮಳೆ?

ಜೂನ್ ಬಂತೆಂದರೆ ನಮ್ಮ ಕಡೆ ಯಾರೂ ಯಾರನ್ನೂ ಚೆನ್ನಾಗಿದ್ದೀರಾ ಅಂತ ಕೇಳುವುದಿಲ್ಲ. "ಎಷ್ಟಾಯ್ತು?" ಅಂತ ಕೇಳುತ್ತಾರೆ. ಬಸ್ಸಿನಲ್ಲಿ, ಸೊಸೈಟಿಯಲ್ಲಿ, ಸಾವಿನ ಮನೆಯಲ್ಲೂ. "ಮೂರು ನಲವತ್ತು" ಅಂದರೆ ಸಾಕು. ನಿನ್ನೆ ಬೆಳಿಗ್ಗೆಯಿಂದ ಇವತ್ತು ಬೆಳಿಗ್ಗೆವರೆಗೆ ಮೂರು ಇಂಚು ನಲವತ್ತು ಸೆಂಟ್ ಮಳೆ ಅಂತ ಕೇಳಿದವರಿಗೆ ಗೊತ್ತಾಗುತ್ತದೆ. ನೂರು ಸೆಂಟಿಗೆ ಒಂದು ಇಂಚು. ಸರಕಾರದ ಲೆಕ್ಕ ಮಿಲಿಮೀಟರಿನಲ್ಲಿ ಬರುತ್ತದೆ. ಅದನ್ನು 25.4ರಿಂದ ಭಾಗಿಸಿಕೊಂಡು ಓದುವಷ್ಟು ತಾಳ್ಮೆ ಇಲ್ಲಿ ಯಾರಿಗೂ ಇಲ್ಲ.

ಈ ಬ್ಲಾಗ್ ಹುಟ್ಟಿದ್ದೇ ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಸಾಕಾಗಿ. ನಮ್ಮ ಮಾವ ಕಣದ ಪಕ್ಕ ರೈನ್‌ಗೇಜ್ ಇಟ್ಟುಕೊಂಡು ವರ್ಷಗಟ್ಟಲೆ ಮಳೆ ಬರೆದಿಟ್ಟವರು. ಅವರು ಹೋದ ಮೇಲೆ ಅಳೆಯುವ ಗಾಜು, ಬರೆಯುವ ಪುಸ್ತಕ ಎರಡೂ ನನ್ನ ಪಾಲಿಗೆ ಬಂದವು. ಜೊತೆಗೆ ಅವರಿಗೆ ಬರುತ್ತಿದ್ದ ಫೋನುಗಳೂ ಬಂದವು. ಬೆಂಗಳೂರಿನ ಮೈದುನ, ಮೈಸೂರಿನ ನಾದಿನಿ, ದುಬೈಯಲ್ಲಿರುವ ಪಕ್ಕದ ಮನೆ ಹುಡುಗ, ಎಲ್ಲರದ್ದೂ ಒಂದೇ ಪ್ರಶ್ನೆ. ಹತ್ತು ಜನಕ್ಕೆ ಹತ್ತು ಸಲ ಹೇಳುವ ಬದಲು ಒಂದು ಕಡೆ ಬರೆದುಬಿಡಮ್ಮಾ ಅಂತ ಮಗಳು ಬ್ಲಾಗ್ ಮಾಡಿಕೊಟ್ಟಳು. ಆಗ ಕಂಪ್ಯೂಟರಿಗೆ 'ಬರಹ' ಅನ್ನುವ ಸಾಫ್ಟ್‌ವೇರ್ ಹಾಕಿಕೊಂಡು ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರಿಸುತ್ತಿದ್ದೆ. ಈಗ ಎಲ್ಲ ಫೋನಿನಲ್ಲೇ ಆಗುತ್ತದೆ. ಹೊರಗೆ ನಿಂತು ಅಳೆಯುವುದು, ಒಳಗೆ ಬಂದು ಕೈ ಒರೆಸಿಕೊಂಡು ಬರೆಯುವುದು, ಅಷ್ಟೇ.

ಊರಿನ ಹೆಸರು ಇಲ್ಲಿ ಬರೆಯುವುದಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ. ಕೊಡಗಿನಲ್ಲಿ, ನಾಪೋಕ್ಲಿಗೂ ಭಾಗಮಂಡಲಕ್ಕೂ ನಡುವೆ ಎಲ್ಲೋ ಅಂತ ಇಟ್ಟುಕೊಳ್ಳಿ. ಹೀಗೆ ನಡುವೆ ಇರುವುದೇ ನಮ್ಮ ತೊಂದರೆ. ಮಳೆಗಾಲದಲ್ಲಿ ಪೇಪರಿನಲ್ಲಿ ಹೋಬಳಿವಾರು ಲೆಕ್ಕ ಬರುತ್ತದೆ. ಮಡಿಕೇರಿ ಕಸಬ, ನಾಪೋಕ್ಲು, ಸಂಪಾಜೆ, ಭಾಗಮಂಡಲ. ಭಾಗಮಂಡಲದ ಲೆಕ್ಕ ಹಿಡಿದರೆ ನಮಗೆ ಜಾಸ್ತಿ, ನಾಪೋಕ್ಲಿನದ್ದು ಹಿಡಿದರೆ ಕಡಿಮೆ. ನಮ್ಮದೇ ಊರಲ್ಲೂ ಹೊಳೆ ಬದಿಗೆ ಒಂದು ಲೆಕ್ಕ, ಮೇಲಿನ ಬಾಣೆಗೆ, ಅಂದರೆ ಗದ್ದೆಗಿಂತ ಎತ್ತರದ ಜಾಗಕ್ಕೆ, ಇನ್ನೊಂದು. ಹಾಗಾಗಿ ರೈನ್‌ಗೇಜ್ ಇಟ್ಟುಕೊಂಡ ಬೇರೆ ಮನೆಯವರೂ ಬೆಳಿಗ್ಗೆ ಅವರವರ ಲೆಕ್ಕ ಕಳಿಸುತ್ತಾರೆ. ಹವಾಮಾನ ಇಲಾಖೆಯವರು ಎಂಟೂವರೆಗೆ ನೋಡುವುದಂತೆ. ಮಾವ ಏಳಕ್ಕೆ ನೋಡುತ್ತಿದ್ದರು, ಆಳುಗಳಿಗೆ ಕೆಲಸ ಹೇಳುವ ಮುಂಚೆ. ನಾವೂ ಏಳಕ್ಕೇ ನೋಡುತ್ತೇವೆ.

ಮಳೆಗಾಲದ ಲೆಕ್ಕ ಬಹುಪಾಲು ಮಾತಿಗೆ. ಹೂಮಳೆಯ ಲೆಕ್ಕ ಹಾಗಲ್ಲ, ಅದು ದುಡ್ಡು. ಫೆಬ್ರವರಿ, ಮಾರ್ಚ್‌ನಲ್ಲಿ ರೊಬಸ್ಟಾ ಕಾಫಿ ಗಿಡಕ್ಕೆ ಒಂದು ಇಂಚಿನಷ್ಟು ಮಳೆ ಸರಿಯಾಗಿ ಬಿದ್ದರೆ ವಾರ, ಹತ್ತು ದಿನದಲ್ಲಿ ತೋಟ ಪೂರ್ತಿ ಬೆಳ್ಳಗಾಗುತ್ತದೆ. ಆಮೇಲೆ ಇಪ್ಪತ್ತು ದಿನದ ಹೊತ್ತಿಗೆ ಬ್ಯಾಕಿಂಗ್ ಮಳೆ ಬೇಕು, ಕಾಯಿ ನಿಲ್ಲುವುದಕ್ಕೆ. ಮಳೆ ಬರದಿದ್ದರೆ ಒಂದು ಥರ, ಸುಮ್ನೆ ಕಾಯಬಹುದು. ಇಪ್ಪತ್ತು ಸೆಂಟ್ ಬಿದ್ದು ನಿಂತರೆ ಮಾತ್ರ ನಿದ್ದೆ ಹಾಳು. ಮೊಗ್ಗು ಅರ್ಧ ಎದ್ದು, ಸರಿಯಾಗಿ ಅರಳದೆ ಕೆಡುತ್ತದೆ. ಆಗ ಸ್ಪ್ರಿಂಕ್ಲರ್ ಹಾಕಿ ಬಾಕಿ ನೀರು ಕೊಡಬೇಕು. ಕೆರೆಯಲ್ಲಿ ನೀರು ಎಷ್ಟಿದೆ, ಡೀಸೆಲಿಗೆ ಎಷ್ಟಾಗುತ್ತದೆ, ನಾಳೆ ಮತ್ತೆ ಮಳೆ ಬಂದುಬಿಟ್ಟರೆ? ಬೇಸಿಗೆ ಮಳೆ ತೋಟ ನೋಡಿ ಬೀಳುವುದಿಲ್ಲ ಅಲ್ವಾ. ರಸ್ತೆಯ ಈ ಬದಿಗೆ ಎಂಬತ್ತು ಸೆಂಟ್ ಸುರಿದು ಆ ಬದಿಗೆ ಬರೀ ಧೂಳು ಅಡಗಿಸಿ ಹೋಗುತ್ತದೆ.

ಅಂಥ ಬೆಳಿಗ್ಗೆ ಬ್ಲಾಗಿನಲ್ಲಿ ಒಂದು ಸಾಲು ಸಾಕು. ಬಾಣೆ ಮೇಲೆ ಎಂಬತ್ತು, ಶಾಲೆ ಹತ್ತಿರ ನಲವತ್ತೈದು, ಹೊಳೆ ಬದಿ ಇಪ್ಪತ್ತು. ತೋಟ ಇಲ್ಲಿಟ್ಟು ಬೆಂಗಳೂರಲ್ಲಿರುವವರು ಅದನ್ನು ನೋಡಿಕೊಂಡು ರೈಟರಿಗೆ, ಅಂದರೆ ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವವನಿಗೆ, ಫೋನ್ ಮಾಡುತ್ತಾರೆ. ರೈಟರ್ ಹೇಳಿದ ಲೆಕ್ಕವನ್ನೂ ನನ್ನ ಲೆಕ್ಕವನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರೆ ಅಂತಲೂ ಗೊತ್ತು. ಒಬ್ಬ ರೈಟರ್ ನನ್ನನ್ನು ಕಂಡರೆ ಈಗಲೂ ಮುಖ ಆ ಕಡೆ ತಿರುಗಿಸುತ್ತಾನೆ. ಬಾರದ ಮಳೆಯನ್ನು ಬಂತು ಅಂದು ಪಂಪ್ ಹಾಕದೆ ಮನೆಯಲ್ಲಿ ಮಲಗಿದ್ದು ಅವನು, ನಾನಲ್ಲ.

ಇಂಟರ್ನೆಟ್ ನೋಡದವರೂ ಓದುತ್ತಾರೆ. ಬಸ್ ನಿಲ್ಲುವ ಕಡೆ ಒಂದು ಅಂಗಡಿ ಇದೆ, ಕಾಕನ ಅಂಗಡಿ. ಅಕ್ಕಿ, ಬೀಡಿ, ರೀಚಾರ್ಜ್, ಝೆರಾಕ್ಸ್ ಎಲ್ಲ ಅಲ್ಲೇ. ಕಾಕ ಪ್ರತಿ ಸೋಮವಾರ ಹಿಂದಿನ ವಾರದ್ದನ್ನು ಪ್ರಿಂಟ್ ತೆಗೆದು ಅಂಗಡಿಯ ಮರದ ಕಂಬಕ್ಕೆ ಅಂಟಿಸುತ್ತಾರೆ. ನಾನು ಹೇಳಿದ್ದಲ್ಲ, ಅವರೇ ಶುರು ಮಾಡಿದ್ದು. ಹಾಳೆ ನೋಡಲು ನಿಂತವರು ಒಂದು ಚಾ ಕುಡಿದೇ ಹೋಗುತ್ತಾರೆ ಅನ್ನುವುದು ಅವರ ಲೆಕ್ಕ. ನಮ್ಮ ಮನೆಯಲ್ಲಿ ಅರೆಭಾಷೆ, ಬಾಣೆ ಮೇಲಿನ ಮನೆಗಳಲ್ಲಿ ಕೊಡವ ತಕ್ಕ್, ಕಾಕನ ಅಂಗಡಿಯೊಳಗೆ ಮಲಯಾಳ. ಬರೆಯುವಾಗ ಕನ್ನಡ, ಯಾಕಂದರೆ ಕಂಬದ ಮುಂದೆ ನಿಂತವರೆಲ್ಲ ಓದುವುದು ಅದನ್ನೇ. ಓದಲು ಬಾರದವರಿಗೆ ಶಾಲೆಗೆ ಹೋಗುವ ಮಕ್ಕಳು ಓದಿ ಹೇಳುತ್ತಾರೆ. ಹಾಳೆಯ ಮೇಲೆ ಪೆನ್ನಿನಲ್ಲಿ ತಿದ್ದುವುದೂ ಉಂಟು. "ನಮ್ಮಲ್ಲಿ ಇಷ್ಟು ಬರಲಿಲ್ಲ." "ಕರೆಂಟ್ ಹೋದದ್ದು ಗುರುವಾರ ಅಲ್ಲ, ಬುಧವಾರ ರಾತ್ರಿ." ಒಮ್ಮೆ ಯಾರೋ "ಸುಬೇದಾರರ ಮನೆ = ಚಿರಾಪುಂಜಿ" ಅಂತ ಬರೆದಿದ್ದರು.

ಆ ಕಥೆ ಹೇಳಲೇಬೇಕು. ಸುಬೇದಾರರು ನಮ್ಮ ಮಾವನ ಜೊತೆಯವರು, ಮಿಲಿಟರಿಯಿಂದ ಬಂದ ಮೇಲೆ ತೋಟ ನೋಡಿಕೊಂಡಿದ್ದಾರೆ. ನಾವೆಲ್ಲ ಅಜ್ಜ ಅಂತಲೇ ಕರೆಯುವುದು. ಒಂದು ಜೂನಿನಲ್ಲಿ ಅವರ ಲೆಕ್ಕ ಎಲ್ಲರಿಗಿಂತ ಮೇಲೆ ಹೋಗತೊಡಗಿತು. ನಾವು ಮೂರೂವರೆ ಅಂದರೆ ಅವರು ಒಂಬತ್ತು. ನಾವು ಎರಡು ಅಂದರೆ ಅವರು ಐದೂವರೆ. ಕೇಳಿದರೆ, "ನಮ್ಮದು ಬೆಟ್ಟದ ಬುಡ ಮಾರಾಯ್ತಿ, ಅಲ್ಲಿ ಯಾವಾಗಲೂ ಜಾಸ್ತಿಯೇ" ಅನ್ನುತ್ತಿದ್ದರು. ಬೆಟ್ಟದ ಬುಡದಲ್ಲಿ ಜಾಸ್ತಿ ಬರುವುದು ನಿಜವೇ, ಹಾಗಾಗಿ ಎದುರು ಮಾತಾಡುವ ಹಾಗಿಲ್ಲ. ನಾನೂ ಅವರು ಹೇಳಿದ್ದನ್ನು ಅವರು ಹೇಳಿದ ಹಾಗೆ ಹಾಕುತ್ತಿದ್ದೆ.

ಚಿರಾಪುಂಜಿ ಅಂತ ಬರೆದದ್ದು ನೋಡಿದ ದಿನವೇ ಅಜ್ಜ ರೇನ್‌ಕೋಟ್ ಹಾಕಿಕೊಂಡು ನಮ್ಮ ಮನೆಗೆ ಬಂದರು. ಕೈಯಲ್ಲಿ ಅವರ ಗಾಜು, ಟವೆಲಿನಲ್ಲಿ ಸುತ್ತಿತ್ತು. "ನಿನ್ನದನ್ನೂ ತಾ." ಎರಡನ್ನೂ ಊಟದ ಮೇಜಿನ ಮೇಲೆ ಇಟ್ಟೆವು. ನನ್ನದು ದಪ್ಪ, ಅವರದ್ದು ಸಪೂರ. ನನ್ನ ಗಾಜಿಗೆ ಅರ್ಧ ಇಂಚಿನ ಗೆರೆವರೆಗೆ ನೀರು ಹಾಕಿ, ಅದೇ ನೀರನ್ನು ಅವರ ಗಾಜಿಗೆ ಹೊಯ್ದೆ. ಅದು ತುಂಬಿ ಮೇಜಿನ ಮೇಲೆ ಹರಿಯಿತು.

ಅಜ್ಜ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ವಿಷಯ ಹೊರಗೆ ಬಂತು. ಹಳೇ ಗಾಜು ಬೇಸಿಗೆಯಲ್ಲಿ ಒಡೆದಿತ್ತು, ಪೇಟೆಯಿಂದ ಹೊಸದು ತರಿಸಿದ್ದರು. ರೈನ್‌ಗೇಜಿನ ಬಾಯಿ ಎಷ್ಟು ಅಗಲವೋ ಅದಕ್ಕೆ ಹೊಂದುವ ಗಾಜೇ ಬೇಕು, ಗೆರೆ ಹಾಕುವುದು ಆ ಲೆಕ್ಕದಲ್ಲೇ. ಅಜ್ಜನ ಮನೆಯದ್ದು ಎಂಟು ಇಂಚು ಬಾಯಿಯ ಹಳೇ ಹಿತ್ತಾಳೆಯದ್ದು, ನಮ್ಮದೂ ಹಾಗೇ. ಬಂದ ಗಾಜು ಐದು ಇಂಚು ಬಾಯಿಯದ್ದರದ್ದು. ಎಂಟರ ಬಾಯಿಯೊಳಗೆ ಬೀಳುವ ನೀರು ಐದರ ಬಾಯಿಯೊಳಗೆ ಬೀಳುವುದರ ಎರಡೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿ. ಎಂಟೆಂಟ್ಲ ಅರವತ್ತನಾಲ್ಕು, ಐದೈದ್ಲ ಇಪ್ಪತ್ತೈದು, ಭಾಗಿಸಿದರೆ ಗೊತ್ತಾಗುತ್ತದೆ.

"ಹಾಗಾದ್ರೆ ಜೂನ್ ಪೂರ್ತಿ ತಿದ್ದಬೇಕಲ್ವಾ?"

"ತಿದ್ದೋಣ ಅಜ್ಜ. ಗಾಜು ಬದಲಾಯಿತು ಅಂತ ಹಾಕಿದರೆ ಸಾಕು."

"ಸಾಕಾಗಲ್ಲ. ಸುಬೇದಾರರ ಮನೆಯ ಗಾಜು ಅಂತಲೇ ಹಾಕು. ಎಲ್ಲರೂ ನಗಲಿ ಒಂದ್ಸಲ, ಆಮೇಲೆ ಮುಗೀತಲ್ಲ."

ಕ್ಯಾಲ್ಕುಲೇಟರ್ ಹಿಡಿದು ಕೂತು ಒಂದೊಂದನ್ನೇ ಭಾಗಿಸಿದರು. ನಾನು ಹಾಗೆಯೇ ಹಾಕಿದೆ, ಊರು ಒಂದು ವಾರ ನಕ್ಕಿತು. ತಿದ್ದಿದ ಮೇಲೂ ಅವರ ಲೆಕ್ಕ ನಮಗಿಂತ ಸ್ವಲ್ಪ ಜಾಸ್ತಿಯೇ ಇತ್ತು. ಬೆಟ್ಟದ ಬುಡದ ಮಾತು ಸುಳ್ಳಲ್ಲ ಅಂತಾಯಿತು. ಈಗ ಯಾರ ಲೆಕ್ಕದಲ್ಲಾದರೂ ಅನುಮಾನ ಬಂದರೆ ಅವರ ಮನೆಗೆ ಹೋಗಿ ಗಾಜು ತಪಾಸಣೆ ಮಾಡುವ ಕೆಲಸ ಅಜ್ಜನದ್ದು.

ಬೆಂಗಳೂರಿನ ಅಣ್ಣನ ಮಗನಿಗೆ ಇದೆಲ್ಲ ತಮಾಷೆ. "ಈಗ ಬ್ಲಾಗ್ ಯಾರು ಓದ್ತಾರೆ ಅತ್ತೆ? ರೀಲ್ಸ್ ಮಾಡಿ. ಮಂಜು, ಕಾಫಿ ಹೂವು, ಕಡಂಬುಟ್ಟು ತೋರಿಸಿ. ಲಕ್ಷ ಜನ ನೋಡ್ತಾರೆ." ಲಕ್ಷ ಜನ ನನಗೆ ಯಾಕೆ? ಕಾಕನ ಕಂಬದ ಮುಂದೆ ನಿಲ್ಲುವವರು ಓದಿದರೆ ಸಾಕು. ಹಾಗಂತ ವಾಟ್ಸಾಪ್ ಬೇಡ ಅನ್ನುವವಳೂ ನಾನಲ್ಲ. ಮೂರ್ನಾಡು ರಸ್ತೆಯಲ್ಲಿ ಬೊಳಿಬಾಣೆಗೆ ನೀರು ಬಂತು, ಬಸ್ಸಿಲ್ಲ ಅನ್ನುವಂಥದ್ದು ಗ್ರೂಪಿನಲ್ಲೇ ಬರಬೇಕು, ಬೇಗ ಬರಬೇಕು. ಆದರೆ ಗ್ರೂಪಿನಲ್ಲಿ ಬಂದದ್ದು ಮೂರನೇ ದಿನಕ್ಕೆ ಹುಡುಕಿದರೆ ಸಿಗುವುದಿಲ್ಲ. ಇನ್ನು ಕೆಲವು ಎಷ್ಟು ವರ್ಷವಾದರೂ ಸಾಯುವುದಿಲ್ಲ. 2018ರ ಆಗಸ್ಟಿನಲ್ಲಿ ಮಡಿಕೇರಿಯಲ್ಲಿ ಎರಡಂತಸ್ತಿನ ಮನೆಯೊಂದು ಇಳಿಜಾರಿನಲ್ಲಿ ಜಾರಿ ಕೆಳಗೆ ಹೋಯಿತಲ್ಲ, ಆ ವಿಡಿಯೊ ಆಮೇಲಿನ ಮಳೆಗಾಲಗಳಲ್ಲೂ "ಈಗ ಬಂದ ಸುದ್ದಿ" ಅಂತ ಬಂದಿದೆ. ಬಂದ ಕೂಡಲೇ ದುಬೈ ಹುಡುಗನ ಅಮ್ಮನಿಗೆ ಫೋನ್, ಅವರಿಂದ ನನಗೆ ಫೋನ್.

2018ರ ಬಗ್ಗೆ ಹೇಳುವುದಾದರೆ, ಆ ವಾರ ನನ್ನ ಬ್ಲಾಗಿನಿಂದ ಮೂರು ಕಾಸಿನ ಪ್ರಯೋಜನ ಆಗಲಿಲ್ಲ. ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ. ಮಕ್ಕಂದೂರು, ಹಟ್ಟಿಹೊಳೆ, ಕಾಲೂರು, ಮದೆನಾಡು, ಜೋಡುಪಾಲ ಕಡೆ ಬೆಟ್ಟ ಜರಿದ ಸುದ್ದಿ ನಮಗೆ ತಲುಪಿದ್ದು ಯಾರೋ ನಡೆದು ಬಂದು ಹೇಳಿದ್ದರಿಂದ ಮತ್ತು ಬ್ಯಾಟರಿ ಹಾಕಿದ ರೇಡಿಯೊದಿಂದ. ನಾನು ಪುಸ್ತಕದಲ್ಲಿ ಬರೆಯುತ್ತಾ ಹೋದೆ, ಕರೆಂಟ್ ಬಂದ ಮೇಲೆ ಎಲ್ಲ ಸೇರಿಸಿ ಹಾಕಿದೆ.

ಅದು ಕೆಲಸಕ್ಕೆ ಬಂದದ್ದು ಮರುವರ್ಷ. 2019ರ ಆಗಸ್ಟಿನಲ್ಲೂ ಮಳೆ ಜೋರಾದಾಗ ಜನ ಕೇಳತೊಡಗಿದ್ದು ಇವತ್ತು ಎಷ್ಟಾಯ್ತು ಅಂತಲ್ಲ. "2018ರಲ್ಲಿ ಇವತ್ತಿನ ತಾರೀಖಿಗೆ ಎಷ್ಟಾಗಿತ್ತು?" ಅಂತ. ಮನೆಯ ಹಿಂದೆ ಬರೆ, ಅಂದರೆ ಕಡಿದಾದ ಮಣ್ಣಿನ ದಿಣ್ಣೆ, ಇರುವವರಿಗೆ ಅದು ಸುಮ್ನೆ ಕುತೂಹಲದ ಪ್ರಶ್ನೆ ಅಲ್ಲ. ಇವತ್ತು ರಾತ್ರಿ ಇಲ್ಲೇ ಮಲಗುವುದೋ, ಮಕ್ಕಳನ್ನು ಕರೆದುಕೊಂಡು ತಂಗಿಯ ಮನೆಗೆ ಹೋಗುವುದೋ ಅಂತ ನಿರ್ಧಾರ ಮಾಡಬೇಕು. 2020ರ ಆಗಸ್ಟಿನಲ್ಲಿ ತಲಕಾವೇರಿಯಲ್ಲಿ ಬೆಟ್ಟ ಕುಸಿದು ಅರ್ಚಕರ ಮನೆಯೇ ಮಣ್ಣಿನಡಿ ಹೋದ ಮೇಲೆ ನಮ್ಮ ಕಡೆ ಈ ಭಯ ಇನ್ನೂ ಜಾಸ್ತಿಯಾಯಿತು. ಮಳೆ ಲೆಕ್ಕ ನೋಡಿ ಬೆಟ್ಟ ಜರಿಯುತ್ತದೋ ಇಲ್ಲವೋ ಅಂತ ನಾನು ಹೇಳಲಾರೆ, ಹೇಳುವುದೂ ಇಲ್ಲ. ಅಧಿಕಾರಿಗಳು ಜಾಗ ಖಾಲಿ ಮಾಡಿ ಅಂದರೆ ಲೆಕ್ಕ ನೋಡುತ್ತಾ ಕೂರಬೇಡಿ ಅಂತ ಮಾತ್ರ ಪ್ರತಿ ಆಗಸ್ಟಿನಲ್ಲಿ ಮೇಲೆಯೇ ಬರೆದಿಡುತ್ತೇನೆ. ಕೆಳಗೆ ಎರಡು ಸಾಲು: ಆ ವರ್ಷ ಈ ದಿನಕ್ಕೆ ಇಷ್ಟು, ಈ ವರ್ಷ ಇಷ್ಟು. ಅದನ್ನು ಹುಡುಕಿ ಕೊಡಲು ಒಂದು ನಿಮಿಷ ಸಾಕು, ತಾರೀಖು ಹಾಕಿ ಬರೆದಿರುವುದರಿಂದ.

ತಾರೀಖಿನ ಶಕ್ತಿ ನನಗೆ ಸರಿಯಾಗಿ ಅರ್ಥವಾದದ್ದು ಮೋರಿಯ ವಿಷಯದಲ್ಲಿ. ನಮ್ಮ ರಸ್ತೆಯ ತಿರುವಿನಲ್ಲಿ ಒಂದು ಮೋರಿ ಕಟ್ಟಿಕೊಂಡು ಕೊಲ್ಲಿಯ, ಅಂದರೆ ಸಣ್ಣ ತೊರೆಯ, ನೀರೆಲ್ಲ ರಸ್ತೆ ಮೇಲೆ ಬರುತ್ತಿತ್ತು. ಯಾರಿಗೆ ಹೇಳಬೇಕೋ ಅವರಿಗೆಲ್ಲ ಹೇಳಿ ಆಗಿತ್ತು. ಆಮೇಲೆ ವಾರಕ್ಕೊಂದು ಫೋಟೊ ಹಾಕತೊಡಗಿದೆ. ಬೈಗುಳ ಇಲ್ಲ, ಯಾರ ಹೆಸರೂ ಇಲ್ಲ. ಮೋರಿ, ತಾರೀಖು, ಹಿಂದಿನ ದಿನದ ಮಳೆ, ಅಷ್ಟೇ. ಕಾಕನ ಕಂಬದ ಮೇಲೆ ಮೋರಿಯ ಚಿತ್ರ ವಾರವಾರವೂ ಕಾಣಿಸಿಕೊಂಡಿತು. ಒಂದು ಸಂಜೆ ಸಂಬಂಧಪಟ್ಟವರೊಬ್ಬರು ಮನೆಗೇ ಬಂದರು. "ಏನಕ್ಕಾ ಇದು, ಮನೆಗೆ ಬಂದು ಒಂದು ಮಾತು ಹೇಳಿದ್ರೆ ಆಗ್ತಿರಲಿಲ್ವಾ?"

"ಎಷ್ಟು ಸಲ ಹೇಳಿದ್ದೆ. ಬಾಯಲ್ಲಿ ಹೇಳಿದ್ದಕ್ಕೆ ತಾರೀಖು ಇರಲ್ಲ ನೋಡಿ."

ಕಾಫಿ ಕುಡಿದರು. ಅವರ ತಾಯಿಯ ಮಂಡಿನೋವಿನ ಬಗ್ಗೆ ಮಾತಾಡಿದೆವು. ಮುಂದಿನ ವಾರ ಜೆಸಿಬಿ ಬಂತು, ಮೋರಿ ಬಿಡಿಸಿದರು. ಅದೇ ಸಂಜೆ ಅವರದ್ದೇ ಫೋನ್: "ಹಾಳಾದದ್ದು ಅಷ್ಟು ಸಲ ಹಾಕಿದ್ರಿ, ಸರಿಯಾದದ್ದನ್ನೂ ಹಾಕ್ಬೇಕಲ್ಲಕ್ಕಾ." ನ್ಯಾಯದ ಮಾತು. ಹಾಕಿದೆ. ನೀರು ಮೋರಿಯ ಒಳಗೇ ಹೋಗುವ ಫೋಟೊ ಅಷ್ಟು ಚೆಂದ ಅಂತ ಯಾರಿಗೂ ಅನ್ನಿಸಿರಲಾರದು, ಆದರೆ ನಾಲ್ಕು ಜನ ಅದನ್ನು ಗ್ರೂಪಿಗೆ ಕಳಿಸಿದರು.

ಊರಿನ ಬಗ್ಗೆ ಊರಲ್ಲೇ ಇದ್ದು ಬರೆಯುವುದು ಅಂದರೆ ಹೀಗೇ. ನಾಳೆ ಬೆಳಿಗ್ಗೆ ಅದೇ ಬಸ್ಸಿನಲ್ಲಿ ಅವರ ಪಕ್ಕದಲ್ಲೇ ಕೂರಬೇಕು. ಪೇಟೆಯಲ್ಲಿ ಕೂತು ಬರೆಯುವವರಿಗೆ ಈ ರಗಳೆ ಇಲ್ಲ. ನನಗೆ ಇದು ಒಳ್ಳೆಯದೇ ಅನ್ನಿಸುತ್ತದೆ. ಎದುರಿಗೆ ಹೇಳಲಾಗದ್ದನ್ನು ಬರೆಯುವುದಿಲ್ಲ. ಬರೆದದ್ದನ್ನು ಎದುರಿಗೆ ಕೇಳಿದರೆ ಹಿಂದೆ ತೆಗೆದುಕೊಳ್ಳುವುದಿಲ್ಲ.

ಬರೆಯದೆ ಬಿಡುವುದು ಬೇಕಾದಷ್ಟಿದೆ. ಯಾರ ಮನೆಗೆ ಬೀಗ, ಯಾರು ತಿಂಗಳ ಮಟ್ಟಿಗೆ ಮಗನ ಮನೆಗೆ ಹೋದರು, ಇದನ್ನು ಹಾಕಿದರೆ ಕಳ್ಳರಿಗೆ ಕರೆಯೋಲೆ ಕೊಟ್ಟ ಹಾಗೆ. ಜಮ್ಮಾ ಬಾಣೆಯ, ಅಂದರೆ ಮನೆತನಕ್ಕೆ ತಲೆಮಾರಿನಿಂದ ಬಂದ ಜಾಗದ, ಪಾಲಿನ ಜಗಳ ಮುಟ್ಟುವುದೇ ಇಲ್ಲ. ಅಣ್ಣತಮ್ಮಂದಿರು ಪುತ್ತರಿ ಹಬ್ಬದ ಹೊತ್ತಿಗೆ ಒಂದಾದರೂ ಬರೆದದ್ದು ಅಲ್ಲೇ ಉಳಿದಿರುತ್ತದೆ. ಸಾವಿನ ಸುದ್ದಿಯನ್ನು ಮನೆಯವರೇ ಹೇಳುವವರೆಗೆ ಹಾಕುವುದಿಲ್ಲ, ಹಾಕಿದರೂ ಹೊತ್ತು, ಜಾಗ, ವಾಹನ ಎಲ್ಲಿಯವರೆಗೆ ಹೋಗುತ್ತದೆ, ಇಷ್ಟೇ. ಆನೆ ಬಂದರೆ ಗ್ರೂಪಿನಲ್ಲಿ ತಕ್ಷಣ ಹೇಳುತ್ತೇವೆ, ಕೆಲಸಕ್ಕೆ ಹೋಗುವವರೂ ಶಾಲೆ ಮಕ್ಕಳೂ ದಾರಿ ಬದಲಾಯಿಸಬೇಕಲ್ಲ. ಬ್ಲಾಗಿಗೆ ಅದು ಬರುವುದು ಆನೆ ಬೆಟ್ಟ ಹತ್ತಿದ ಮೇಲೆ. ಮುಂಚೆಯೇ ಹಾಕಿದರೆ ಮಧ್ಯಾಹ್ನದ ಹೊತ್ತಿಗೆ ಫೋನ್ ಹಿಡಿದವರ ಜೀಪುಗಳು ಸಾಲಾಗಿ ಬಂದು ನಿಲ್ಲುತ್ತವೆ. ಆನೆಗೂ ಕಷ್ಟ, ನಮಗೂ ಕಷ್ಟ.

ಊರಿನ ಹೆಸರು ಬರೆಯದಿರುವುದೂ ಅದಕ್ಕೇ. ಇಲ್ಲೊಂದು ಅಬ್ಬಿ, ಅಂದರೆ ಜಲಪಾತ, ಇದೆ. ಮಳೆಗಾಲದಲ್ಲಿ ನೋಡಲು ಬಹಳ ಚೆಂದ. ಅದರ ಫೋಟೊ ಹಾಕಿ, ದಾರಿ ಬರೆಯಿರಿ ಅಂತ ಹೋಂಸ್ಟೇ ಮಾಡಿದವರು ಕೇಳಿದ್ದುಂಟು. ಅವರ ಹೊಟ್ಟೆಪಾಡು ಅದು, ನಾನು ತಪ್ಪು ಹೇಳುವುದಿಲ್ಲ. ಆದರೆ ಅಲ್ಲಿಗಿರುವುದು ಒಂದು ಜೀಪು ಹೋಗುವಷ್ಟು ರಸ್ತೆ, ಬಂಡೆ ಮೇಲೆ ಪಾಚಿ, ಕೆಳಗೆ ಗುಂಡಿ. ಬಿದ್ದವರನ್ನು ಎತ್ತಲು ಹೋಗುವವರು ನಮ್ಮ ಹುಡುಗರೇ. ನೀವು ನಿಮ್ಮ ಬೋರ್ಡಿನಲ್ಲಿ ಬರೆಯಿರಿ, ನಾನು ಬರೆಯುವುದಿಲ್ಲ ಅಂದೆ. ಹಾಗೆ ಕೇಳಿದವರ ಮನೆಯ ಮದುವೆಗೂ ಹೋಗಿ ಊಟ ಮಾಡಿ ಬಂದೆ.

ನಮ್ಮ ಮನೆಗೆ ಶಕ್ತಿ ಪೇಪರ್ ಮಾವನ ಕಾಲದಿಂದಲೂ ಬರುತ್ತದೆ. ಮಡಿಕೇರಿಯಿಂದ 1957ರಿಂದ ಹೊರಡುತ್ತಿರುವ ಪತ್ರಿಕೆ. ಮಾವ ಮೊದಲು ನಿಧನದ ಕಾಲಂ ನೋಡಿ, ಆಮೇಲೆ ಮಳೆ ಲೆಕ್ಕ ನೋಡಿ, ಆಮೇಲೆ ಮುಖಪುಟಕ್ಕೆ ಬರುತ್ತಿದ್ದರು. ನನ್ನ ಬ್ಲಾಗಿಗೆ ಅವರು ಓದುತ್ತಿದ್ದ ಮೊದಲೆರಡು ಪುಟ ಸಾಕು, ಮುಖಪುಟದ ಆಸೆ ಇಲ್ಲ. ಜಿಲ್ಲೆಯ ಸುದ್ದಿಗೆ ಪೇಪರ್ ಇದೆ, ಆಕಾಶವಾಣಿ ಇದೆ. ಕಾಕನ ಅಂಗಡಿಯಿಂದ ನಡೆದು ಹೋಗುವಷ್ಟು ದೂರದ ಸುದ್ದಿಗೆ ಯಾರಾದರೂ ಬೇಕಲ್ಲ.

ಮಾವನ ಪುಸ್ತಕಗಳಲ್ಲಿ ಮಳೆ ಮಾತ್ರ ಇಲ್ಲ. ಲೆಕ್ಕದ ಪಕ್ಕ ಚಿಕ್ಕದಾಗಿ ಒಂದೊಂದು ಮಾತು. "ಹಟ್ಟಿಯ ಹಂಚು ಹಾರಿತು." "ಕಣಿಲೆ ಸಿಕ್ಕಿತು." "ಬಸ್ ಇಲ್ಲ, ನಡೆದು ಬಂದೆ." ಈ ಮಳೆಗಾಲದಲ್ಲಿ ಅವನ್ನೆಲ್ಲ ಒಂದೊಂದಾಗಿ ಫೋಟೊ ತೆಗೆದು ಹಾಕುತ್ತಿದ್ದೇನೆ. ನಡುವೆ ಕೆಲವು ವರ್ಷದ ಪುಸ್ತಕ ಕಾಣುತ್ತಿಲ್ಲ. ಸುಬೇದಾರ್ ಅಜ್ಜನ ಮನೆಯ ಅಟ್ಟದಲ್ಲಿ ಅವರ ಅಪ್ಪ ಬರೆದ ಒಂದು ಕಟ್ಟು ಸಿಕ್ಕಿದೆ, ಗಾಜು ಸರಿಯಿದ್ದ ಕಾಲದ್ದು ಅಂತ ಅವರೇ ಹೇಳಿ ಕೊಟ್ಟರು. ನಿಮ್ಮ ಮನೆಯ ಅಟ್ಟದಲ್ಲೋ ಪೆಟ್ಟಿಗೆಯಲ್ಲೋ ಅಂಥದ್ದು ಇದ್ದರೆ ತನ್ನಿ. ಗೆದ್ದಲು ತಿಂದಿದ್ದರೂ ಪರವಾಗಿಲ್ಲ, ತೋಟದ ಡೈರಿ ಆದರೂ ಆಗುತ್ತದೆ. ಪುಸ್ತಕ ಬಿಟ್ಟು ಹೋಗಬೇಕಾಗಿಲ್ಲ, ಫೋಟೊ ತೆಗೆದು ಅಲ್ಲೇ ವಾಪಸ್ ಕೊಡುತ್ತೇನೆ. ಭಾನುವಾರ ಮಧ್ಯಾಹ್ನದ ಮೇಲೆ ಮನೆಯಲ್ಲೇ ಇರುತ್ತೇನೆ. ಕಾಕನ ಅಂಗಡಿಯಲ್ಲಿ ಕೊಟ್ಟರೂ ತಲುಪುತ್ತದೆ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಕೊಡಿ.